ಸಿಗಡಿಗೆ ಏನೂ ಆಗಿರಲಿಲ್ಲ

ಮೇ ತಿಂಗಳ ಮಳೆ ಮಂಗಳೂರಿನಲ್ಲಿ ಹೇಳಿ ಕೇಳಿ ಬರುವುದಿಲ್ಲ. ಸಂಜೆವರೆಗೆ ಬೆವರು, ಸೆಕೆ. ರಾತ್ರಿ ಒಮ್ಮೆಲೇ ಗುಡುಗು, ಗಾಳಿ. ಅದರ ಹಿಂದೆಯೇ ಕರೆಂಟು ಹೋಗುತ್ತದೆ. ಆ ಗುರುವಾರವೂ ಹಾಗೇ ಆಯಿತು. ರಾತ್ರಿ ಹನ್ನೊಂದೂವರೆಗೆ ಹೋದ ಕರೆಂಟು ಬಂದದ್ದು ಬೆಳಗಿನ ಜಾವ ನಾಲ್ಕೂವರೆಗೆ. ಮನೆಯ ಇನ್ವರ್ಟರ್‌ ಲೈನನ್ನು ಹಾಲಿನ ಮೂಲೆಯಲ್ಲಿದ್ದ ಉಪ್ಪುನೀರಿನ ಅಕ್ವೇರಿಯಂಗೆ ಎಳೆದಿರಲಿಲ್ಲ. ಸೆಲ್ಲಿನಲ್ಲಿ ಓಡುವ ಸಣ್ಣ ಏರ್ ಪಂಪ್ ಒಂದಿತ್ತು. ಅದನ್ನು ಹಾಕಿ ಮಲಗಿದೆ.

ಆರೂವರೆಗೆ ಮಗಳು ಬಂದು ಭುಜ ಅಲುಗಿಸಿದಳು. "ಅಪ್ಪಾ, ನೀಲಿ ಮೀನು ಅಡ್ಡ ಬಿದ್ದಿದೆ" ಅಂದಳು. ಓಡಿ ಹೋಗಿ ನೋಡಿದೆ. ಪೌಡರ್ ಬ್ಲೂ ಟ್ಯಾಂಗ್ ಕಲ್ಲುಗಳ ನಡುವೆ ಒರಗಿಕೊಂಡು ಸತ್ತಿತ್ತು. ಅದರ ಪಕ್ಕದಲ್ಲೇ ಒಂದು ಹಸಿರು ಕ್ರೋಮಿಸ್ ಮೀನೂ. ಏರ್ ಪಂಪಿನ ಸೆಲ್ ಮುಗಿದಿತ್ತು. ನೀರಲ್ಲಿ ಒಂದು ಗುಳ್ಳೆಯೂ ಇರಲಿಲ್ಲ.

ಕಾರಣ ಕಣ್ಣೆದುರೇ ಇದೆಯಲ್ವಾ ಅಂತ ಅನ್ನಿಸಿತು. ಕರೆಂಟಿಲ್ಲ, ಗಾಳಿಯಿಲ್ಲ, ಮೀನು ಸತ್ತಿತು. ಅಲ್ಲಿಂದ ಒಂದು ಹಗಲು, ಒಂದು ರಾತ್ರಿ ನಾನು ಆ ಒಂದು ಯೋಚನೆಯಿಂದಲೇ ಹೊರಗೆ ಬರಲಿಲ್ಲ. ಅಷ್ಟರಲ್ಲಿ ಇನ್ನೂ ಎರಡು ಮೀನು ಹೋದವು. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ತೊಟ್ಟಿಯ ಬಗ್ಗೆ ಸ್ವಲ್ಪ ಹೇಳಬೇಕು. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಕಲ್ಲು, ಮರಳು ಕಳೆದರೆ 200 ಲೀಟರ್ ನೀರು. ಕೆಳಗಿನ ಕಪಾಟಿನಲ್ಲಿ ನೀರು ಸೋಸುವ ಸಣ್ಣ ತೊಟ್ಟಿ, ಅಂದರೆ ಸಂಪ್, ಅದರಲ್ಲಿ ಗುಳ್ಳೆ ಎಬ್ಬಿಸಿ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರ್. ಹವಳ ಇಟ್ಟಿಲ್ಲ. ದಿಬ್ಬ ಕಟ್ಟುವ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಹುಲಿ, ಆನೆಗಳಿಗೆ ಇರುವಷ್ಟೇ ರಕ್ಷಣೆ ಅವಕ್ಕೂ ಇದೆ. ಹಾಗಾಗಿ ನಮ್ಮದು ಮೀನಿನ ತೊಟ್ಟಿ. ಒಂದು ಜೋಡಿ ಕ್ಲೌನ್ ಮೀನು, ಮೂರು ಹಸಿರು ಕ್ರೋಮಿಸ್, ಒಂದು ಹಳದಿ ಬಾಲದ ಡ್ಯಾಮ್ಸೆಲ್, ಪಾಚಿ ಕೆರೆದು ತಿನ್ನುವ ಒಂದು ಬ್ಲೆನಿ. ಇವುಗಳ ಜೊತೆ ಬೆನ್ನ ಮೇಲೆ ಬಿಳಿ ಪಟ್ಟೆ ಇರುವ ಒಂದು ಕ್ಲೀನರ್ ಸಿಗಡಿ, ನಾಲ್ಕು ಸನ್ಯಾಸಿ ಏಡಿ, ಆರು ಬಸವನಹುಳು. ಒಂದೂವರೆ ವರ್ಷದಿಂದ ಎಲ್ಲವೂ ನೆಮ್ಮದಿಯಿಂದ ಇದ್ದವು.

ಟ್ಯಾಂಗ್ ಹೊಸದು. ಹಿಂದಿನ ಶುಕ್ರವಾರ ತಂದದ್ದು. ಹಿಂದೂ ಮಹಾಸಾಗರದ ಮೀನು ಅದು, ನಮ್ಮ ಲಕ್ಷದ್ವೀಪದ ಹವಳದ ದಿಬ್ಬಗಳಲ್ಲೂ ಇದೆ. ಆ ನೀಲಿ ನೋಡಿದವರಿಗೆ ಗೊತ್ತು, ಒಮ್ಮೆ ಕಂಡರೆ ಕಣ್ಣು ಕೀಳುವುದು ಕಷ್ಟ. ನಾಲ್ಕು ಅಡಿಯ ತೊಟ್ಟಿ ಅದಕ್ಕೆ ಚಿಕ್ಕದು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ತಂದೆ. ಪೊಟ್ಟಣವನ್ನು ತೊಟ್ಟಿಯಲ್ಲಿ ತೇಲಿಸಿ, ಒಂದು ಗಂಟೆ ಸ್ವಲ್ಪ ಸ್ವಲ್ಪವೇ ನೀರು ಬೆರೆಸಿ, ನೇರ ಒಳಗೆ ಬಿಟ್ಟೆ. ಬೇರೆ ತೊಟ್ಟಿಯಲ್ಲಿ ಕೆಲವು ವಾರ ಇಟ್ಟು ನೋಡುವ ಕೆಲಸ ಮಾಡಲಿಲ್ಲ.

ಆಮ್ಲಜನಕದ ಅನುಮಾನ ಸುಳ್ಳು ಅಂತ ಹೇಳುವ ಹಾಗೂ ಇರಲಿಲ್ಲ. 30 ಡಿಗ್ರಿ ಬಿಸಿಯ ಸಿಹಿನೀರು ಒಂದು ಲೀಟರಿನಲ್ಲಿ ಸುಮಾರು 7.5 ಮಿಲಿಗ್ರಾಂ ಆಮ್ಲಜನಕ ಹಿಡಿದಿಡುತ್ತದೆ. ಅದೇ ಬಿಸಿಯ ಸಮುದ್ರದ ನೀರಿಗೆ ಆಗುವುದು 6.2ರ ಆಸುಪಾಸು. ಉಪ್ಪು ಜಾಸ್ತಿಯಾದಷ್ಟೂ, ಬಿಸಿ ಜಾಸ್ತಿಯಾದಷ್ಟೂ ನೀರಿನಲ್ಲಿ ಗಾಳಿಗೆ ಜಾಗ ಕಡಿಮೆ. ಮೇ ತಿಂಗಳಲ್ಲಿ ನಮ್ಮ ತೊಟ್ಟಿಯ ನೀರು 30 ಡಿಗ್ರಿ ಮುಟ್ಟುತ್ತದೆ. ಮೇಲಿನಿಂದ ಫ್ಯಾನ್ ಹಾಕಿದರೆ ಬೆಂಗಳೂರಿನಲ್ಲಿ ಚೆನ್ನಾಗಿ ತಣಿಯಬಹುದು, ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಅಷ್ಟು ತಣಿಯುವುದಿಲ್ಲ. ದೊಡ್ಡ ಮೀನಿಗೆ ಗಾಳಿ ಜಾಸ್ತಿ ಬೇಕು, ಅದೇ ಮೊದಲು ಸಾಯುತ್ತದೆ. ಟ್ಯಾಂಗೇ ತೊಟ್ಟಿಯ ದೊಡ್ಡ ಮೀನು. ಲೆಕ್ಕ ಸರಿಯಾಗಿ ಕೂತಿತು.

ಹಾಗಾಗಿ ಆ ಶುಕ್ರವಾರ ಮಾಡಿದ್ದೆಲ್ಲ ಗಾಳಿಯ ಕೆಲಸ. ಎಲೆಕ್ಟ್ರೀಷಿಯನ್ನರನ್ನು ಕರೆಸಿ ಇನ್ವರ್ಟರಿನಿಂದ ಒಂದು ಪ್ಲಗ್ ಎಳೆಸಿದೆ. ಇನ್ನೊಂದು ಏರ್ ಪಂಪ್ ತಂದೆ. ತೊಟ್ಟಿಯೊಳಗೆ ನೀರನ್ನು ಜೋರಾಗಿ ತಳ್ಳುವ ವೇವ್‌ಮೇಕರನ್ನು ನೀರಿನ ಮೇಲ್ಮೈ ಕಲಕುವ ಹಾಗೆ ತಿರುಗಿಸಿದೆ. ಸತ್ತ ಎರಡನ್ನೂ ಮಗಳು ಹಿತ್ತಿಲ ದಾಸವಾಳದ ಬುಡದಲ್ಲಿ ಹೂತಳು. ಮೇಲೆ ಒಂದು ಚಪ್ಪಟೆ ಕಲ್ಲಿಟ್ಟು ಬಂದಳು. ಸಂಜೆಗೆ ತೊಟ್ಟಿಯ ನೀರು ಕುದಿಯುವ ಹಾಗೆ ಗುಳ್ಳೆ ಏಳುತ್ತಿತ್ತು. ಇನ್ನು ಭಯವಿಲ್ಲ ಅಂದುಕೊಂಡು ಮಲಗಿದೆ.

ಶನಿವಾರ ಬೆಳಿಗ್ಗೆ ಉಳಿದ ಎರಡು ಕ್ರೋಮಿಸ್ಸೂ ಸತ್ತಿದ್ದವು.

ಕರೆಂಟು ರಾತ್ರಿಯಿಡೀ ಇತ್ತು. ಗಾಳಿ ಬೇಕಾದಷ್ಟಿತ್ತು. ಆದರೂ ಸತ್ತವು. ಆಗ ನಿಜವಾಗಿ ಹೆದರಿಕೆಯಾಯಿತು. ಕಾರಣ ಗೊತ್ತಿರುವ ಸಾವಿಗೆ ದುಃಖಪಟ್ಟು ಸುಮ್ಮನಾಗಬಹುದು. ಇದು ಹಾಗಲ್ಲ. ಉಳಿದ ನಾಲ್ಕು ಮೀನುಗಳು ಗಾಜಿನ ಆಚೆ ನನ್ನನ್ನೇ ನೋಡುತ್ತಿರುವ ಹಾಗೆ ಇತ್ತು. ನನಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ.

ಟೆಸ್ಟ್ ಕಿಟ್‌ಗಳನ್ನು ಹರಡಿಕೊಂಡು ಕೂತೆ. ಮೀನಿನ ಹೊಲಸಿನಿಂದ, ಕೊಳೆತದ್ದರಿಂದ ಬರುವ ಅಮೋನಿಯಾ 0.25. ಅಂದರೆ ಹಳದಿ ಬಣ್ಣ ಸ್ವಲ್ಪ ಹಸಿರಿಗೆ ತಿರುಗಿತ್ತು. ನೈಟ್ರೈಟ್ ಸೊನ್ನೆ. ನೈಟ್ರೇಟ್ 20. ಪಿಎಚ್ 8.1. ಉಪ್ಪಿನಂಶ ಸಾವಿರಕ್ಕೆ 35, ಸಿಹಿನೀರಿಗೆ ಹೋಲಿಸಿದ ತೂಕದ ಲೆಕ್ಕದಲ್ಲಿ 1.026. ಅಮೋನಿಯಾ ಎಂದೂ ಸೊನ್ನೆ ಇರಬೇಕಾದ ತೊಟ್ಟಿ ಅದು. ಸಮುದ್ರದ ನೀರಿನ ಪಿಎಚ್ ಮೇಲಿರುವುದರಿಂದ ಅಮೋನಿಯಾದ ವಿಷದ ರೂಪ ಅಲ್ಲಿ ಹೆಚ್ಚು. ಇದೇ ಇರಬೇಕು ಅಂತ 50 ಲೀಟರ್ ನೀರು ಬದಲಿಸಿದೆ. ಆದರೆ ಬಕೆಟ್ಟು ಎತ್ತುತ್ತಿದ್ದಾಗಲೇ ಒಳಗೆ ಒಂದು ಪ್ರಶ್ನೆ ಏಳುತ್ತಿತ್ತು. ಅಮೋನಿಯಾದಿಂದ ಮೀನು ಸತ್ತವೋ, ಮೀನು ಸತ್ತದ್ದರಿಂದ ಅಮೋನಿಯಾ ಬಂತೋ? ನಾಲ್ಕು ಮೀನು ಸತ್ತ ತೊಟ್ಟಿಯಲ್ಲಿ 0.25 ದೊಡ್ಡ ವಿಷಯವೇ ಅಲ್ಲ.

ಮನೆಯವರ ಅನುಮಾನಗಳು ಬೇರೆ ಇದ್ದವು. ಹೆಂಡತಿಗೆ ಕಡಲ ನೀರಿನ ಮೇಲೆ ಸಂಶಯ. ನಾನು ಉಪ್ಪಿನ ಪುಡಿ ಬೆರೆಸುವುದು ಮಳೆಗಾಲದಲ್ಲಿ ಮಾತ್ರ. ಜನವರಿಯಿಂದ ಏಪ್ರಿಲ್‌ವರೆಗೆ ಸೋಮೇಶ್ವರದ ಬಂಡೆಗಳ ಹತ್ತಿರ ನೀರು ತುಂಬಿಸಿ ತರುತ್ತೇನೆ. ಕಡಲು ಏರಿರುವ ಹೊತ್ತು ನೋಡಿ ಹೋಗಬೇಕು. ಮಳೆ ಶುರುವಾದ ಮೇಲೆ ಆ ನೀರು ಬೇಡ. ನೇತ್ರಾವತಿ, ಗುರುಪುರ ಹೊಳೆಗಳು ಉಕ್ಕಿ ಬಂದು ದಡದ ನೀರಿನ ಉಪ್ಪು ಇಳಿದುಹೋಗುತ್ತದೆ, ಬಣ್ಣವೂ ಕೆಂಪಾಗುತ್ತದೆ. ತಂದ ನೀರನ್ನು ಡ್ರಮ್ಮಿನಲ್ಲಿ ಮುಚ್ಚಿ, ಕತ್ತಲಲ್ಲಿ ಎರಡು ವಾರ ಇಟ್ಟು ಆಮೇಲೆ ಬಳಸುತ್ತೇನೆ. ಹಿಂದಿನ ಭಾನುವಾರ ಇದೇ ನೀರನ್ನು 30 ಲೀಟರ್ ಹಾಕಿದ್ದೆ. "ಅದರಲ್ಲಿ ಎಂತದೋ ಬಂದಿದೆ" ಅಂದಳು ಅವಳು. ಇರಬಹುದು ಅನ್ನಿಸಿತು. ಡ್ರಮ್ಮಿನಲ್ಲಿ ಉಳಿದಿದ್ದ ನೀರನ್ನು ಮೂಸಿ ನೋಡಿದೆ, ಉಪ್ಪು ಅಳೆದೆ. ಏನೂ ಗೊತ್ತಾಗಲಿಲ್ಲ.

ಅಮ್ಮನಿಗೆ ಸೊಳ್ಳೆ ಹೊಗೆಯ ಮೇಲೆ ಸಂಶಯ. ಬುಧವಾರ ಸಂಜೆ ನಮ್ಮ ಬೀದಿಗೆ ಹೊಗೆ ಬಿಡುವವರು ಬಂದಿದ್ದರು. ಕಿಟಕಿ ಮುಚ್ಚುವಷ್ಟರಲ್ಲಿ ಹಾಲಿನ ಒಳಗೂ ಸ್ವಲ್ಪ ಬಂದಿತ್ತು. ಅಮ್ಮ ಹೇಳಿದ್ದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಅಕ್ವೇರಿಯಂ ಇಟ್ಟವರು ಎಲ್ಲರಿಗಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಅದು. ಏರ್ ಪಂಪು, ಸ್ಕಿಮ್ಮರ್ ಎರಡೂ ಕೋಣೆಯ ಗಾಳಿಯನ್ನೇ ಎಳೆದು ಸಾವಿರ ಸಾವಿರ ಗುಳ್ಳೆ ಮಾಡಿ ನೀರಿಗೆ ಬೆರೆಸುತ್ತವೆ. ಕೋಣೆಯಲ್ಲಿ ಏನು ಸಿಂಪಡಿಸಿದರೂ ಅದು ಮೀನಿಗೆ ಮುಟ್ಟುತ್ತದೆ. ಸೊಳ್ಳೆಯ ಲಿಕ್ವಿಡ್, ಜಿರಳೆಯ ಸ್ಪ್ರೇಗಳಲ್ಲಿ ಇರುವ ಪೈರೆಥ್ರಾಯ್ಡ್ ಜಾತಿಯ ರಾಸಾಯನಿಕ ಮನುಷ್ಯರಿಗೆ ಅಷ್ಟು ತೊಂದರೆ ಮಾಡದಿದ್ದರೂ ಮೀನಿಗೆ ಬಹಳ ಕೆಟ್ಟದ್ದು.

ಹೀಗೆ ಶನಿವಾರ ಸಂಜೆಗೆ ನನ್ನ ಹತ್ತಿರ ನಾಲ್ಕು ಕಾರಣಗಳಿದ್ದವು. ಗಾಳಿ, ಅಮೋನಿಯಾ, ಕಡಲ ನೀರು, ಹೊಗೆ. ಒಂದೊಂದಕ್ಕೂ ಅದರದೇ ಆದ ನ್ಯಾಯ ಇತ್ತು.

ಏಳೂವರೆಗೆ ಮಗಳು ಜೋರಾಗಿ ಅಳುವುದು ಕೇಳಿಸಿತು. "ಸಿಗಡಿಯೂ ಹೋಯಿತು ಅಪ್ಪಾ."

ಕಲ್ಲಿನ ಬುಡದಲ್ಲಿ ಸಿಗಡಿ ಮಗ್ಗುಲಾಗಿ ಬಿದ್ದಿತ್ತು. ಮೀಸೆ, ಕಾಲು, ಕಣ್ಣಿನ ಗುಂಡಿ ಎಲ್ಲ ಇದ್ದ ಹಾಗೇ. ಇಕ್ಕಳದಲ್ಲಿ ಎತ್ತಿದೆ. ಎತ್ತಿದಾಗ ತೂಕವೇ ಇಲ್ಲ. ಟೊಳ್ಳು. ಬೆಳಕಿಗೆ ಹಿಡಿದರೆ ಆಚೆ ಕಡೆಯ ಗೋಡೆ ಕಾಣುತ್ತಿತ್ತು. ಅದು ಪೊರೆ! ಟಾರ್ಚ್ ಹಾಕಿ ಹುಡುಕಿದರೆ ಕಲ್ಲಿನ ಗುಹೆಯ ಒಳಗೆ ಸಿಗಡಿ ಹೊಸ ಚಿಪ್ಪಿನಲ್ಲಿ, ಹೊಸ ಬಿಳಿ ಮೀಸೆ ಅಲುಗಿಸುತ್ತಾ ಕೂತಿತ್ತು. ಮಗಳು ಅಳು ನಿಲ್ಲಿಸಿ ನಕ್ಕಳು. ನನಗೆ ನಗು ಬರಲಿಲ್ಲ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಎರಡು ದಿನದಿಂದ ನೋಡಬೇಕಾದದ್ದನ್ನು ನಾನು ನೋಡಿಯೇ ಇರಲಿಲ್ಲ.

ಸಿಗಡಿ ಪೊರೆ ಕಳಚುವ ಹೊತ್ತಿನಲ್ಲಿ ಅದಕ್ಕಿಂತ ನಾಜೂಕಾದ ಪ್ರಾಣಿ ಆ ತೊಟ್ಟಿಯಲ್ಲಿ ಇರುವುದಿಲ್ಲ. ಚಿಪ್ಪು ಮೆತ್ತಗಿರುತ್ತದೆ, ಮೈಯೆಲ್ಲ ಹಸಿ. ನೀರಿನಲ್ಲಿ ವಿಷ ಇದ್ದರೆ ಆಗಲೇ ಸಾಯಬೇಕು. ಅದರಲ್ಲೂ ಸೊಳ್ಳೆ ಮದ್ದು! ಸಿಗಡಿ, ಏಡಿ, ಸೊಳ್ಳೆ ಎಲ್ಲ ದೂರದ ಬಂಧುಗಳೇ, ಕೀಲು ಕಾಲಿನ ಕುಲ. ಸೊಳ್ಳೆಯನ್ನು ಕೊಲ್ಲುವ ವಿಷ ಮೀನಿಗಿಂತ ಮೊದಲು ಸಿಗಡಿಯನ್ನು ಕೊಲ್ಲುತ್ತದೆ. ಅದು ಬದುಕಿದೆ. ಅಂದರೆ ಹೊಗೆ ಕಾರಣ ಅಲ್ಲ. ಕಡಲ ನೀರಿನಲ್ಲಿ ತಾಮ್ರವೋ ಇನ್ನಾವುದೋ ಲೋಹವೋ ಇದ್ದಿದ್ದರೆ ಸಿಗಡಿಯ ಜೊತೆ ಬಸವನಹುಳುಗಳೂ ಗಾಜಿನಿಂದ ಕಳಚಿ ಬೀಳಬೇಕಿತ್ತು. ಎಣಿಸಿದೆ. ಆರಕ್ಕೆ ಆರೂ ಗಾಜಿನ ಮೇಲೆ ನಿಧಾನಕ್ಕೆ ಹೋಗುತ್ತಿದ್ದವು. ನಾಲ್ಕು ಏಡಿಗಳೂ ಓಡಾಡುತ್ತಿದ್ದವು. ಗಾಳಿಯ ಕೊರತೆಯನ್ನು ಶನಿವಾರದ ಸಾವುಗಳೇ ತಳ್ಳಿಹಾಕಿದ್ದವು.

ಸತ್ತದ್ದು ಮೀನು ಮಾತ್ರ. ಬೆನ್ನುಮೂಳೆ ಇಲ್ಲದ ಒಂದು ಜೀವಕ್ಕೂ ಏನೂ ಆಗಿರಲಿಲ್ಲ. ನೀರು ಕೆಟ್ಟಿದ್ದರೆ ಹೀಗೆ ಆರಿಸಿ ಆರಿಸಿ ಕೊಲ್ಲುವುದಿಲ್ಲ. ಮೀನನ್ನೇ ಹುಡುಕಿಕೊಂಡು ಬರುವ ಏನೋ ಒಂದು ತೊಟ್ಟಿಯಲ್ಲಿದೆ. ಅಂದರೆ ರೋಗ.

ಭಾವಮೈದನಿಗೆ ಫೋನು ಹಚ್ಚಿದೆ. ಅವನು ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದವನು. 1969ರಲ್ಲಿ ಶುರುವಾದ, ದೇಶದಲ್ಲೇ ಮೊದಲನೆಯ ಮೀನುಗಾರಿಕಾ ಕಾಲೇಜು ಅದು. ಈಗ ಕುಂದಾಪುರದ ಕಡೆ ಸಿಗಡಿ ಕೆರೆಗಳಲ್ಲಿ ಕೆಲಸ. ನಾನು ಹೇಳಿದ್ದನ್ನೆಲ್ಲ ಸುಮ್ಮನೆ ಕೇಳಿಸಿಕೊಂಡ. ಆಮೇಲೆ ಮೂರೇ ಪ್ರಶ್ನೆ ಕೇಳಿದ.

"ಭಾವ, ಹೊಸ ಮೀನು ಬಂದು ಎಷ್ಟು ದಿನ ಆಯ್ತು?"

"ಸಾಯುವಾಗ ಏಳನೇ ದಿನ."

"ಸಾಯುವ ಮೊದಲು ಎಲ್ಲಿ ಈಜ್ತಾ ಇತ್ತು?"

ನೆನಪಿಸಿಕೊಂಡೆ. ಬುಧವಾರ ಟ್ಯಾಂಗ್ ಆಹಾರ ಬಾಯಿಗೆ ಹಾಕಿ ಉಗುಳಿತ್ತು. ಇಡೀ ದಿನ ವೇವ್‌ಮೇಕರಿನ ಎದುರು, ಆ ಜೋರು ನೀರಿಗೆ ಮುಖ ಕೊಟ್ಟು ನಿಂತಿತ್ತು. ಲೈಟು ಹಾಕಿದರೆ ಕಲ್ಲಿನ ಹಿಂದೆ ಸರಿಯುತ್ತಿತ್ತು. ನೀರಿನ ಆಟ ಅದಕ್ಕೆ ಇಷ್ಟ ಅಂತ ನಾನು ಮೊಬೈಲಿನಲ್ಲಿ ವಿಡಿಯೋ ಬೇರೆ ಮಾಡಿದ್ದೆ.

"ಈಗ ಉಳಿದದ್ದು ಕಿವಿರು ಎಷ್ಟು ಸಲ ಬಡೀತಾ ಉಂಟು? ಹದಿನೈದು ಸೆಕೆಂಡ್ ಲೆಕ್ಕ ಹಾಕಿ ಹೇಳಿ."

ಚಿಕ್ಕ ಕ್ಲೌನಿನದು ಎಣಿಸಿದೆ. 35. ಅಂದರೆ ನಿಮಿಷಕ್ಕೆ 140. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ನಾಳೆ ಬೆಳಿಗ್ಗೆ ಬರ್ತೇನೆ. ಲೈಟು ಹಾಕಬೇಡಿ. ಸತ್ತದ್ದು ಇದ್ದರೆ ಬಿಸಾಡಬೇಡಿ" ಅಂದ.

ಭಾನುವಾರ ಒಂಬತ್ತಕ್ಕೆ ಸೂಕ್ಷ್ಮದರ್ಶಕವನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದ. ಶನಿವಾರದ ಕ್ರೋಮಿಸ್ ಒಂದನ್ನು ನಾನು ಫ್ರಿಜ್ಜಿನಲ್ಲಿ ಇಟ್ಟಿದ್ದೆ. ಅದರ ಕಿವಿರಿನ ಚೂರು ತೆಗೆದು ನೋಡಿದ. ಏನೂ ಕಾಣಲಿಲ್ಲ. ನನಗೆ ಮತ್ತೆ ಗೊಂದಲವಾಯಿತು. ಅವನಿಗೆ ಆಶ್ಚರ್ಯವಾಗಲಿಲ್ಲ. "ಮೀನು ಸತ್ತ ಮೇಲೆ ಅದರ ಮೇಲಿನ ಪರಾವಲಂಬಿ ಯಾಕೆ ಕೂತಿರ್ತದೆ ಭಾವ? ಬಿಟ್ಟು ಹೋಗ್ತದೆ. ಸತ್ತು ಗಂಟೆಗಟ್ಟಲೆ ಆದ ಮೀನಿನಲ್ಲಿ ಸಿಗಲಿಲ್ಲ ಅಂದರೆ ಇಲ್ಲ ಅಂತ ಅರ್ಥ ಅಲ್ಲ" ಅಂದ. ಈ ಮಾತು ನನಗೆ ಮೊದಲೇ ಗೊತ್ತಿದ್ದರೆ ಟ್ಯಾಂಗನ್ನು ಬೆಳಿಗ್ಗೆಯೇ ಹೂಳಲು ಕೊಡುತ್ತಿರಲಿಲ್ಲ.

ಆ ಹೊತ್ತಿಗೆ ಚಿಕ್ಕ ಕ್ಲೌನ್ ತಳದಲ್ಲಿ ಮಲಗಿತ್ತು. ಅದು ಜೋಡಿಯ ಗಂಡು. ಬಾಯಿ ತೆರೆದೇ ಇತ್ತು. ಒಮ್ಮೊಮ್ಮೆ ಮೇಲೇಳಲು ನೋಡಿ ಮತ್ತೆ ಮಗುಚಿ ಬೀಳುತ್ತಿತ್ತು. ದೊಡ್ಡ ಹೆಣ್ಣು ಅದರ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ. ಭಾವಮೈದ ನನ್ನ ಮುಖ ನೋಡಿದ. ನಾನು ತಲೆ ಆಡಿಸಿದೆ. ಒಂದು ಪಾತ್ರೆಯಲ್ಲಿ ತೊಟ್ಟಿಯ ನೀರು ತೆಗೆದು, ಲವಂಗದ ಎಣ್ಣೆಯನ್ನು ಬೇರೆ ನೀರಿನಲ್ಲಿ ಚೆನ್ನಾಗಿ ಕುಲುಕಿ ಬೆರೆಸಿದ. ಮೀನು ಮೊದಲು ನಿದ್ದೆಗೆ ಹೋಗುತ್ತದೆ, ಆಮೇಲೆ ಉಸಿರು ನಿಲ್ಲುತ್ತದೆ, ನೋವಿಲ್ಲ ಅಂದ. ಹತ್ತು ನಿಮಿಷ ಮನೆಯೆಲ್ಲ ಲವಂಗದ ವಾಸನೆ. ಮಗಳನ್ನು ಅಮ್ಮ ಹೊರಗೆ ಕರೆದುಕೊಂಡು ಹೋದರು.

ಕಿವಿರಿನ ಒಂದು ಎಳೆ ಕತ್ತರಿಸಿ, ಗಾಜಿನ ಪಟ್ಟಿಯ ಮೇಲೆ ತೊಟ್ಟಿಯದೇ ಒಂದು ಹನಿ ನೀರು ಹಾಕಿ, ಮುಚ್ಚಿ, ನೂರು ಪಟ್ಟು ದೊಡ್ಡದು ಮಾಡಿ ನೋಡಿದ. ನನ್ನನ್ನು ಕರೆದ.

ಬಾಚಣಿಗೆಯ ಹಲ್ಲಿನ ಹಾಗೆ ಸಾಲು ಸಾಲಾಗಿ ಕಿವಿರಿನ ಎಳೆಗಳು. ಆ ಹಲ್ಲುಗಳ ನಡುವೆ, ಮೇಲೆ, ತುದಿಯಲ್ಲಿ, ಎಲ್ಲೆಲ್ಲೂ ಕಂದು ಬಣ್ಣದ ಮಣಿಗಳು. ಕೆಲವು ದುಂಡಗೆ, ಕೆಲವು ಪೇರಳೆಯ ಆಕಾರ. ಒಂದೂ ಅಲುಗುತ್ತಿರಲಿಲ್ಲ. ಕಚ್ಚಿ ಹಿಡಿದು ಕೂತಿದ್ದವು. ಉಸಿರಾಡಲು ಜಾಗವೇ ಇರಲಿಲ್ಲ ಆ ಮೀನಿಗೆ. ಅಷ್ಟು ಗಾಳಿಗುಳ್ಳೆ ಬಿಟ್ಟೂ ಅದು ಉಸಿರು ಕಟ್ಟಿಯೇ ಸಾಯುತ್ತಿತ್ತು.

"ಅಲುಗಿ ಉರುಳ್ತಾ ಇದ್ದಿದ್ದರೆ ಬಿಳಿಚುಕ್ಕೆ ರೋಗ. ಅಲುಗದೆ ಕೂತದ್ದು ವೆಲ್ವೆಟ್" ಅಂದ ಭಾವಮೈದ. ಅಮೈಲೂಡಿನಿಯಂ ಅಂತ ಅದರ ಶಾಸ್ತ್ರದ ಹೆಸರು. ಒಂದೇ ಕೋಶದ ಜೀವಿ. ಪಾಚಿಯ ಕಡೆಯ ಬಂಧು, ಆದರೆ ಮೀನಿನ ಮೇಲೆ ಬದುಕುತ್ತದೆ. ಮೈಮೇಲೆ ಜಾಸ್ತಿಯಾದಾಗ ಚಿನ್ನದ ಧೂಳು ಉದುರಿಸಿದ ಹಾಗೆ, ಮಖಮಲ್ಲಿನ ಹೊಳಪಿನ ಹಾಗೆ ಕಾಣುತ್ತದೆ, ಅದಕ್ಕೇ ಆ ಹೆಸರು. ಆದರೆ ಮೊದಲು ಹೋಗಿ ಕೂರುವುದು ಕಿವಿರಿನಲ್ಲಿ. ಎಷ್ಟೋ ಸಲ ಮೈಮೇಲೆ ಧೂಳು ಕಾಣುವ ಮೊದಲೇ ಮೀನು ಮುಗಿದಿರುತ್ತದೆ. ನಮ್ಮಲ್ಲಿ ಆದದ್ದೂ ಅದೇ. ಆ ದಿನ ಕೋಣೆ ಕತ್ತಲು ಮಾಡಿ ಹೆಣ್ಣು ಕ್ಲೌನಿನ ಮೇಲೆ ಪಕ್ಕದಿಂದ ಓರೆಯಾಗಿ ಟಾರ್ಚ್ ಬಿಟ್ಟಾಗ, ಅದರ ಕಪ್ಪು ಅಂಚುಗಳ ಮೇಲೆ ಸಣ್ಣ ಧೂಳು ಕಂಡಿತು. ಎದುರಿನಿಂದ ಬೆಳಕು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

ಊಟದ ಮೇಜಿನ ಮೇಲೆ ಕ್ಯಾಲೆಂಡರ್ ಇಟ್ಟುಕೊಂಡು ದಿನ ಲೆಕ್ಕ ಹಾಕಿದೆವು. ಈ ಪರಾವಲಂಬಿ ಮೀನಿನ ಮೇಲೆ ಕೆಲವು ದಿನ ಕೂತು ತಿಂದು ದಪ್ಪಗಾಗುತ್ತದೆ. ಆಮೇಲೆ ಕಳಚಿ ತಳಕ್ಕೆ ಬಿದ್ದು ಮೊಟ್ಟೆಯ ಹಾಗೆ ಗಟ್ಟಿಯಾಗುತ್ತದೆ. ಒಳಗೇ ಒಡೆದು ಒಡೆದು ಒಂದು ಇದ್ದದ್ದು 256 ಮರಿಗಳವರೆಗೆ ಆಗುತ್ತದೆ. ಅವು ಈಜುತ್ತಾ ಹೊಸ ಮೀನು ಹುಡುಕುತ್ತವೆ. ಬೆಚ್ಚಗಿನ ನೀರಿನಲ್ಲಿ ಈ ಸುತ್ತು ಮುಗಿಯಲು ಒಂದು ವಾರವೂ ಬೇಡ. ಶುಕ್ರವಾರ ಟ್ಯಾಂಗ್ ಬಂತು. ಬುಧವಾರ ಅದು ತಿನ್ನುವುದು ಬಿಟ್ಟಿತು. ಗುರುವಾರ ರಾತ್ರಿ ಕರೆಂಟು ಹೋಯಿತು. ಅಷ್ಟರಲ್ಲಿ ಅದರ ಕಿವಿರು ಅರ್ಧ ಮುಚ್ಚಿಹೋಗಿರಬೇಕು. ಜೋರು ನೀರಿಗೆ ಮುಖ ಕೊಟ್ಟು ನಿಂತದ್ದು ಆಟಕ್ಕಲ್ಲ, ಉಸಿರಿಗೆ. ನೀರು ನಿಂತ ಮೇಲೆ ಅದಕ್ಕೆ ಆ ಆಸರೆಯೂ ಇಲ್ಲವಾಯಿತು. ನನ್ನ ಗಾಳಿಯ ಅನುಮಾನ ಪೂರ್ತಿ ತಪ್ಪಾಗಿರಲಿಲ್ಲ. ಆದರೆ ಅದು ಕೊನೆಯ ತಳ್ಳು ಮಾತ್ರ.

ಅಂಗಡಿಯವರನ್ನು ನಾನು ದೂರುವುದಿಲ್ಲ. ಅಲ್ಲಿ ನೋಡಿದಾಗ ಮೀನು ಚೆನ್ನಾಗಿ ತಿನ್ನುತ್ತಿತ್ತು. ಅಂಗಡಿಗಳ ತೊಟ್ಟಿಯಲ್ಲಿ ಸ್ವಲ್ಪ ತಾಮ್ರ ಹಾಕಿಟ್ಟಿರುವುದು ಉಂಟು. ಅದು ರೋಗವನ್ನು ಅದುಮಿ ಇಡುತ್ತದೆ. ಮನೆಯ ನೀರಿಗೆ ಬಂದ ಮೇಲೆ ತಲೆ ಎತ್ತುತ್ತದೆ. ಬೇರೆ ಇಟ್ಟು ನೋಡುವ ಕೆಲಸ ನನ್ನದಾಗಿತ್ತು.

ಮದ್ದು ಯಾವುದು ಅಂದಾಗ ಭಾವಮೈದ ಚೀಲದಿಂದ ಒಂದು ಸಣ್ಣ ಸೀಸೆ ತೆಗೆದ. ನೀಲಿ ಹರಳು. ಅಮ್ಮ ದೂರದಿಂದಲೇ ಗುರುತು ಹಿಡಿದರು. "ಅದು ಮೈಲುತುತ್ತು ಅಲ್ವಾ? ಅಡಿಕೆಗೆ ಬಿಡುವ ಮದ್ದು ಮೀನಿಗಾ?"

ಅಮ್ಮನ ತವರು ಪುತ್ತೂರಿನ ಕಡೆ. ಮಳೆ ಹಿಡಿಯುವ ಮೊದಲು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವುದನ್ನು ನೋಡಿಯೇ ಬೆಳೆದವರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಅವರಿಗೆ ಆ ಅಳತೆ ಬಾಯಿಪಾಠ. ಅದೇ ತಾಮ್ರದ ಸಲ್ಫೇಟು ಇದೂ. ಆದರೆ ತೋಟಕ್ಕೆ ತರುವ ಮಾಲು ಬೇಡ, ಅದರಲ್ಲಿ ಬೇರೆ ಏನೇನು ಸೇರಿದೆಯೋ, ಲ್ಯಾಬಿನದ್ದೇ ಬೇಕು ಅಂತ ಭಾವಮೈದ ಹೇಳಿದ. ಅಳತೆಯಂತೂ ಹೋಲಿಸಲೂ ಆಗುವುದಿಲ್ಲ. ಒಂದು ಲೀಟರ್ ನೀರಿನಲ್ಲಿ ತಾಮ್ರ 0.15 ಮಿಲಿಗ್ರಾಮಿಗಿಂತ ಕಡಿಮೆಯಾದರೆ ರೋಗ ಸಾಯುವುದಿಲ್ಲ. 0.20 ದಾಟಿದರೆ ಮೀನಿಗೇ ಅಪಾಯ. ಆ ಸಣ್ಣ ಸಂದಿಯಲ್ಲೇ ನಿಲ್ಲಬೇಕು.

ಇದನ್ನು ದೊಡ್ಡ ತೊಟ್ಟಿಗೆ ಹಾಕುವ ಹಾಗೇ ಇಲ್ಲ. ಸಿಗಡಿ, ಏಡಿ, ಬಸವನಹುಳು ಎಲ್ಲ ಸಾಯುತ್ತವೆ. ಸುಣ್ಣದ ಕಲ್ಲು, ಮರಳು ತಾಮ್ರವನ್ನು ಹೀರಿಕೊಂಡು ಅಳತೆಯೂ ಕೈಗೆ ಸಿಗುವುದಿಲ್ಲ. ಹಾಗಾಗಿ ಮಹಡಿಯ ಕೋಣೆಯಲ್ಲಿ 40 ಲೀಟರ್ ನೀರು ಹಿಡಿಯುವ ಪ್ಲಾಸ್ಟಿಕ್ ಟಬ್ ಇಟ್ಟೆವು. ಕೆಳಗೇ ಇಡಬಾರದಾ ಅಂದದ್ದಕ್ಕೆ, ಗುಳ್ಳೆ ಒಡೆದಾಗ ಹಾರುವ ಹನಿಯಲ್ಲೂ ಈ ರೋಗ ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಹೋಗುತ್ತದೆ ಅಂದ. ಟಬ್ಬಿನಲ್ಲಿ ಸ್ಪಂಜಿನ ಫಿಲ್ಟರ್, ಅಡಗಿಕೊಳ್ಳಲು ಪಿವಿಸಿ ಪೈಪಿನ ಮೂರು ತುಂಡು. ಇಷ್ಟೇ.

ಅದಕ್ಕೆ ಮೊದಲು ಸಿಹಿನೀರಿನ ಸ್ನಾನ. ಆರ್‌ಓ ನೀರಿಗೆ ಸ್ವಲ್ಪ ಅಡುಗೆ ಸೋಡ ಹಾಕಿ ಪಿಎಚ್ 8ರ ಮೇಲೆ ತಂದು, ತೊಟ್ಟಿಯಷ್ಟೇ ಬೆಚ್ಚಗೆ ಮಾಡಿ, ಗಾಳಿ ಬಿಟ್ಟು, ಒಂದೊಂದೇ ಮೀನನ್ನು ಐದು ನಿಮಿಷ ಅದರಲ್ಲಿಟ್ಟೆವು. ಉಪ್ಪಿಲ್ಲದ ನೀರು ಒಳಗೆ ನುಗ್ಗಿ ಆ ಕೋಶಗಳು ಉಬ್ಬಿ ಒಡೆಯುತ್ತವೆ. ಮೀನು ಅಷ್ಟು ಹೊತ್ತು ತಡೆದುಕೊಳ್ಳುತ್ತದೆ. ಹೆಣ್ಣು ಕ್ಲೌನ್ ನೀರಿಗಿಳಿದ ಕೂಡಲೇ ಮಗ್ಗುಲಾಗಿ ಮಲಗಿತು. ನನ್ನ ಕೈ ಜಾಲರಿಯ ಕಡೆ ಹೋಯಿತು. "ನಿಲ್ಲಿ ಭಾವ, ಕಿವಿರು ನೋಡಿ, ಬಡೀತಾ ಉಂಟು" ಅಂತ ಅವನು ತಡೆದ. ನನ್ನ ಜೀವನದ ದೊಡ್ಡ ಐದು ನಿಮಿಷ ಅದು. ಇದು ರೋಗ ಗುಣ ಮಾಡುವುದಿಲ್ಲ, ಉಸಿರಿಗೆ ಸ್ವಲ್ಪ ದಾರಿ ಬಿಡಿಸಿಕೊಡುತ್ತದೆ ಅಷ್ಟೇ.

ಒಂದು ಗ್ರಾಂ ಹರಳನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿದೆವು. ಹರಳಿನ ತೂಕದಲ್ಲಿ ಕಾಲು ಭಾಗ ಮಾತ್ರ ತಾಮ್ರ. ಹಾಗಾಗಿ ಒಂದು ಮಿಲಿಲೀಟರಿನಲ್ಲಿ ಕಾಲು ಮಿಲಿಗ್ರಾಂ. 40 ಲೀಟರಿಗೆ 24 ಮಿಲಿಲೀಟರ್. ಮೊದಲ ದಿನ ಅರ್ಧ, ಮಾರನೇ ದಿನ ಇನ್ನರ್ಧ. ಲೆಕ್ಕ ಮಾಡಿದ್ದೇವೆ ಅಂತ ನಂಬಿ ಕೂರುವ ಹಾಗಿಲ್ಲ. ಬೆಳಿಗ್ಗೆ, ಸಂಜೆ ತಾಮ್ರದ ಟೆಸ್ಟ್ ಕಿಟ್ ಹಿಡಿದು ನೋಡಲೇಬೇಕು. ಹೊಸ ಟಬ್ಬಿನಲ್ಲಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಇರುವುದಿಲ್ಲ. ದಿನಾ ಮೂರನೇ ಒಂದು ಭಾಗ ನೀರು ಬದಲಿಸಿ, ತೆಗೆದ ನೀರಿನಷ್ಟಕ್ಕೇ ಲೆಕ್ಕ ಹಾಕಿ ಮತ್ತೆ ತಾಮ್ರ ಸೇರಿಸಬೇಕು. ಮೂರು ವಾರ ಹೀಗೇ ನಡೆಯಿತು. ಆಫೀಸಿಗೆ ಹೋಗುವ ಮೊದಲು ಬಕೆಟ್ಟು, ಬಂದ ಮೇಲೆ ಬಕೆಟ್ಟು. ಹೆಂಡತಿ ಒಂದು ಹಳೇ ಡೈರಿ ಕೊಟ್ಟಳು. ಅದರಲ್ಲಿ ತಾಮ್ರ, ಅಮೋನಿಯಾ, ಕಿವಿರಿನ ಬಡಿತ ಮೂರನ್ನೂ ಬರೆದಿಡುತ್ತಿದ್ದೆ.

ಬ್ಲೆನಿ ಮೂರನೇ ದಿನ ಹೋಯಿತು. ಅದು ಏನನ್ನೂ ತಿನ್ನಲಿಲ್ಲ. ಡ್ಯಾಮ್ಸೆಲ್ ಐದನೇ ದಿನ ಆಹಾರಕ್ಕೆ ಬಾಯಿ ಹಾಕಿತು. ಹೆಣ್ಣು ಕ್ಲೌನ್ ಎಂಟು ದಿನ ಪೈಪಿನಿಂದ ಹೊರಗೇ ಬರಲಿಲ್ಲ. ಒಂಬತ್ತನೇ ದಿನ ಬೆಳಿಗ್ಗೆ ನಾನು ನೀರು ಬದಲಿಸುವಾಗ ಬಂದು ಕೈ ಕಚ್ಚಿತು. ಆರೋಗ್ಯವಾಗಿದ್ದಾಗ ಅದರ ಅಭ್ಯಾಸ ಅದು. ಮೆಟ್ಟಿಲಿನಿಂದಲೇ ಎಲ್ಲರಿಗೂ ಕೂಗಿ ಹೇಳಿದೆ.

ಕೆಳಗಿನ ತೊಟ್ಟಿ ಆರು ವಾರ ಮೀನಿಲ್ಲದೆ ಇತ್ತು. ಅಂಟಿಕೊಳ್ಳಲು ಮೀನು ಸಿಗದಿದ್ದರೆ ಆ ಮರಿಗಳು ಹಸಿದು ಸಾಯುತ್ತವೆ. ತಳದಲ್ಲಿ ಉಳಿದ ಕೊನೆಯ ಗಟ್ಟಿ ಮೊಟ್ಟೆಯೂ ಒಡೆದು ಖಾಲಿಯಾಗಲಿ ಅಂತ ಅಷ್ಟು ಕಾಯುವುದು. ಜಾಲರಿ, ಪೈಪು, ಕೈ ಯಾವುದನ್ನೂ ಮೇಲಿನಿಂದ ಕೆಳಗೆ ಒದ್ದೆಯಾಗಿ ತರಲಿಲ್ಲ. ಮಗಳು ದಿನಕ್ಕೊಂದು ಚಿಟಿಕೆ ಆಹಾರ ಹಾಕುತ್ತಿದ್ದಳು. ಸಿಗಡಿ ಅದನ್ನು ಅವಳ ಬೆರಳಿನಿಂದಲೇ ತೆಗೆದುಕೊಳ್ಳಲು ಕಲಿಯಿತು. ಆ ಆರು ವಾರದಲ್ಲಿ ಇನ್ನೂ ಎರಡು ಸಲ ಪೊರೆ ಬಿಟ್ಟಿತು. ಪ್ರತಿ ಸಲ ಅವಳು ಅದನ್ನು ಒಣಗಿಸಿ ಹತ್ತಿಯ ಮೇಲೆ ಡಬ್ಬಿಯಲ್ಲಿ ಇಟ್ಟಳು.

ಜುಲೈಯಲ್ಲಿ ಎರಡೂ ಮೀನು ಕೆಳಗೆ ಬಂದವು. ಹೊರಗೆ ಮಳೆ ಸುರಿಯುತ್ತಿತ್ತು. ಕ್ಲೌನ್ ಒಂದು ಸುತ್ತು ಹಾಕಿ ತನ್ನ ಹಳೇ ಮೂಲೆಗೆ ಹೋಗಿ ನಿಂತಿತು. ಸಿಗಡಿ ಗುಹೆಯಿಂದ ಹೊರಗೆ ಬಂದು ಬಿಳಿ ಮೀಸೆ ಎರಡೂ ಕಡೆ ಬೀಸಿತು. ಮೀನಿನ ಮೈ ಉಜ್ಜಲು ಸಿದ್ಧ ಅಂತ ಅದು ಹೇಳುವ ರೀತಿ. ಕ್ಲೌನ್ ಹತ್ತಿರ ಹೋಗಿ, ಕಿವಿರಿನ ಮುಚ್ಚಳ ಅಗಲ ಮಾಡಿ ನಿಂತಿತು.

ಮಹಡಿಯ ಟಬ್ಬು ಈಗ ಅಲ್ಲೇ ಖಾಯಂ ಆಗಿದೆ. ಕಳೆದ ವಾರ ಒಂದು ಚಿಕ್ಕ ಕ್ಲೌನ್ ಬಂದಿದೆ. ಕಡಲಿನಿಂದ ಹಿಡಿದದ್ದಲ್ಲ, ತೊಟ್ಟಿಯಲ್ಲೇ ಹುಟ್ಟಿದ ಮರಿ. ಕ್ಲೌನ್ ಮರಿಗಳು ಬೆಳೆದಾಗ ಮೊದಲು ಗಂಡಾಗುತ್ತವೆ. ದೊಡ್ಡ ಹೆಣ್ಣಿನ ಜೊತೆ ಬಿಟ್ಟರೆ ಜೋಡಿಯಾಗಬಹುದು. ಆದರೆ ಇನ್ನೂ ಐದು ವಾರ ಅದು ಮೇಲೆಯೇ ಇರಬೇಕು. ದಿನಾ ಸಂಜೆ ಶಾಲೆಯಿಂದ ಬಂದ ಮಗಳು ಬ್ಯಾಗು ಕೂಡ ಇಳಿಸದೆ ಟಬ್ಬಿನ ಮುಂದೆ ಕೂರುತ್ತಾಳೆ. ನನ್ನ ಮೊಬೈಲಿನಲ್ಲಿ ಹದಿನೈದು ಸೆಕೆಂಡು ಇಟ್ಟು ಕಿವಿರು ಎಣಿಸುತ್ತಾಳೆ. ನಿನ್ನೆ ಡೈರಿಯಲ್ಲಿ ಅವಳ ಗುಂಡಗಿನ ಅಕ್ಷರದಲ್ಲಿ ಬರೆದಿತ್ತು: 21. ಚೆನ್ನಾಗಿ ತಿಂದಿತು.